ಬಳೆ ಕೊಟ್ಟವಳ ರಿಲೀವರ್

ಪೀಣ್ಯ ಎರಡನೇ ಹಂತದ ಹಿಂದಿನ ಗಲ್ಲಿಯಲ್ಲಿ ಪಂಕಜಮ್ಮನ ಮನೆ ಯಾವುದು ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸಿ, "ಬಾಯಿ ಸ್ವಲ್ಪ ಜೋರು" ಅಂತ ಎಚ್ಚರಿಕೆಯನ್ನೂ ಕೊಡುತ್ತಾರೆ. ನಾವು ಆ ಬಾಯಿಯ ಋಣದಲ್ಲಿರುವವರು. ನಮ್ಮ ಸರ್ಕಾರಿ ಕಾರ್ಖಾನೆ ಮುಚ್ಚುವ ಮುಂಚೆ ನಡೆದ ದೊಡ್ಡ ಮುಷ್ಕರದಲ್ಲಿ, ಗೇಟಿನೆದುರು ಶಾಮಿಯಾನ ಹಾಕಿ ಸರದಿ ಉಪವಾಸ ಕೂತಿದ್ದೆವು. ಪೊಲೀಸರು ಕಂಬ ಕೀಳಲು ಬಂದಾಗ ಅಡ್ಡ ನಿಂತದ್ದು ಯೂನಿಯನ್ ಕಾರ್ಯದರ್ಶಿಯಾದ ನಾನಲ್ಲ, ಆಕೆ. "ಕೀಳಪ್ಪಾ, ಕೀಳು. ನಿಮ್ಮಮ್ಮನ್ನೂ ಹಿಂಗೇ ಬಿಸಿಲಿಗೆ ಕೂರಿಸ್ತೀಯಾ?" ಅಂದಳು. ಕಂಬ ಅಲ್ಲೇ ಉಳಿಯಿತು.

ಆಕೆಯ ಗಂಡ ದ್ವಾರಕಾನಾಥ ಗ್ರೈಂಡಿಂಗ್ ಮೆಷಿನ್ನಿನವನು. ಮೊದಲನೇ ಶಿಫ್ಟು ಅವನದು, ಮಧ್ಯಾಹ್ನ ಎರಡಕ್ಕೆ ಶುರುವಾಗುವ ಎರಡನೆಯದು ಇರಣ್ಣನದು. ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ರಿಲೀವರ್, ಅಂದರೆ ಮುಂದಿನ ಶಿಫ್ಟಿನವನು, ಬಂದು ಪಕ್ಕ ನಿಲ್ಲುವವರೆಗೆ ಮೆಷಿನ್ ಬಿಡುವ ಹಾಗಿಲ್ಲ. ಬಂದವನಿಗೆ ಮೆಷಿನ್ ಹೇಗಿದೆ ಅಂತ ಬಾಯಿಬಿಟ್ಟು ಹೇಳಿಯೇ ಕೈ ಒರೆಸಿಕೊಳ್ಳಬೇಕು. ಹೇಳದೆ ಹೋದವನನ್ನು ಕ್ಯಾಂಟೀನಿನಲ್ಲಿ ಯಾರೂ ಪಕ್ಕ ಕೂರಿಸಿಕೊಳ್ಳುತ್ತಿರಲಿಲ್ಲ.

ಆ ಇರಣ್ಣ ಮುಷ್ಕರ ಮುರಿದು ಒಳಗೆ ಹೋದ. ಪೊಲೀಸ್ ಕಾವಲಿನ ಬಸ್ಸು ಗೇಟು ದಾಟುವಾಗ ಪಂಕಜಮ್ಮ ಕಿಟಕಿಯೊಳಗೆ ಕೈ ತೂರಿಸಿ ಅವನ ತೊಡೆಯ ಮೇಲೆ ಒಂದು ಡಜನ್ ಗಾಜಿನ ಬಳೆ ಹಾಕಿದಳು. "ಹಾಕ್ಕೊಂಡ್ ಕೆಲ್ಸ ಮಾಡೋ, ಚೆನ್ನಾಗ್ ಕಾಣುತ್ತೆ!" ಬಸ್ಸೆಲ್ಲ ನೋಡಿತು. ಅಲ್ಲಿಂದ ಈಚೆಗೆ, ಇಪ್ಪತ್ತು ವರ್ಷದ ಮೇಲಾಯಿತು, ನಮ್ಮವರ್ಯಾರೂ ಇರಣ್ಣನ ಜೊತೆ ಮಾತಾಡಿರಲಿಲ್ಲ. ಸಾವಿನ ಮನೆಯಲ್ಲೂ ಅವನೊಂದು ಮೂಲೆ, ನಾವೊಂದು ಮೂಲೆ. ಅವನು ಮಾಡಿದ್ದು ತಪ್ಪೇ. ಇವತ್ತಿಗೂ ಹಾಗೇ ಹೇಳುತ್ತೇನೆ.

ಆಮೇಲೆ ದ್ವಾರಕಾನಾಥನಿಗೆ ಮರೆವಿನ ಕಾಯಿಲೆ ಬಂತು. ಮುಷ್ಕರ ಮರೆತ, ಕಾರ್ಖಾನೆ ಮುಚ್ಚಿದ್ದು ಮರೆತ, ನನ್ನನ್ನು ಮರೆತ. ಪಂಕಜಮ್ಮನ ಸೆರಗೊಂದನ್ನು ಹಿಡಿದುಕೊಂಡ. ಆಕೆಯ ಕೈಯಿಂದಲ್ಲದೆ ತುತ್ತು ಮುಟ್ಟುವುದಿಲ್ಲ. ಬೇರೆಯವರು ಹತ್ತಿರ ಬಂದರೆ ಕೈ ಬೀಸುತ್ತಾನೆ. ಆಕೆ ಬಚ್ಚಲಿಗೆ ಹೋದರೂ ಒಳಗಿಂದ ಗಟ್ಟಿಯಾಗಿ ಮಾತಾಡುತ್ತಲೇ ಇರಬೇಕು. ದನಿ ನಿಂತರೆ ಬಾಗಿಲು ಗುದ್ದಿ ಅಳುತ್ತಾನೆ. ಹಾಗಾಗಿ ಹೀರೇಕಾಯಿ ರೇಟು, ಕಸದ ಗಾಡಿಯವನಿಗೆ ಬೈಗುಳ, ಕಾರ್ಪೊರೇಟರ್‌ನ ಜಾತಕ, ಎಲ್ಲವೂ ದಿನಾ ಬಚ್ಚಲಿನಿಂದ ಇಡೀ ಗಲ್ಲಿಗೆ ಪ್ರಸಾರವಾಗುತ್ತಿತ್ತು. ಜನ ನಗುತ್ತಿದ್ದರು. ಮೈಗೆ ನೀರು ಹೊಯ್ದುಕೊಳ್ಳುವಾಗಲೂ ಪುರುಸೊತ್ತಿಲ್ಲದ ಹೆಂಗಸು ಅಂತ ಯಾರಿಗೂ ಹೊಳೆಯಲಿಲ್ಲ.

ಅವನಿಗೆ ಉಳಿದಿದ್ದ ಇನ್ನೊಂದು ನೆನಪು ನನಗೆ ಹಿಡಿಸುತ್ತಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಾಯಿತೆಂದರೆ ಬಾಗಿಲು ನೋಡಿ ಕೇಳುತ್ತಿದ್ದ: "ಇರಣ್ಣ ಬಂದ್ನಾ?"

"ಬರ್ತಾನೆ, ಬಸ್ಸು ಲೇಟು," ಅನ್ನುತ್ತಿದ್ದಳು ಪಂಕಜಮ್ಮ. ದಿನಾ.

ಅವನನ್ನು ಎತ್ತಿ ಎತ್ತಿ ಆಕೆಗೆ ಹರ್ನಿಯಾ ಆಯಿತು. ಹೊಟ್ಟೆಗೆ ಹಳೇ ಸೀರೆ ಬಿಗಿದುಕೊಂಡು ಓಡಾಡಿದಳು. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನೋವು ಹೆಚ್ಚಾಗಿ ವಾಂತಿ ಶುರುವಾಯಿತು. ಗಂಡ ಇನ್ನೂ ಮಲಗಿದ್ದ. ಪಕ್ಕದ ಮನೆಯ ರಾಮಕ್ಕ ತಾನು ನೋಡಿಕೊಳ್ಳುತ್ತೇನೆಂದು ಹೇಳಿ ಆಕೆಯನ್ನು ಆಟೋ ಹತ್ತಿಸಿದಳು. ಆಸ್ಪತ್ರೆಯ ಡಾಕ್ಟರು ಕೈಯಿಟ್ಟು ನೋಡಿ, ಕರುಳು ಸಿಕ್ಕಿಹಾಕಿಕೊಳ್ಳುತ್ತಿದೆ, ಇವತ್ತೇ ಆಪರೇಷನ್ ಆಗದಿದ್ದರೆ ಜೀವಕ್ಕೆ ಅಪಾಯ ಅಂದರು. "ಅನ್ನಕ್ಕಿಟ್ಟು ಬಂದ್ಬಿಡ್ತೀನಿ ಡಾಕ್ಟ್ರೇ," ಅಂತ ಈಕೆ ಎದ್ದು ಮನೆಗೆ ಬಂದಳು. ಬಂದು ನನಗೆ ಫೋನು ಮಾಡಿದಳು.

ನಮ್ಮ ಯೂನಿಯನ್ನಿನ ಭರಮಪ್ಪನನ್ನು ಕರೆದುಕೊಂಡು ಓಡಿದೆ. ಆಕೆ ಅಡುಗೆಮನೆಯ ನೆಲದಲ್ಲಿ ಮೊಣಕಾಲು ಮಡಚಿ ಕೂತಿದ್ದಳು. ಮುಖ ಬೂದಿಯ ಬಣ್ಣ. ರಾಮಕ್ಕ ಪಕ್ಕದಲ್ಲೇ ನಿಂತಿದ್ದಳು. ಸೆರಗಿನ ತುದಿ ಗಂಡನ ಮುಷ್ಟಿಯಲ್ಲಿ.

"ಬಂದ್ರಾ ಸೆಕ್ರೆಟ್ರಿಗಳು? ಇವ್ರನ್ನ ಒಂದ್ ವಾರ ಎಲ್ಲಾದ್ರೂ ಇಡ್ಬೇಕು. ಇವ್ರಿಗೊಂದು ದಾರಿ ಆಗ್ದೆ ನಾನು ಆಸ್ಪತ್ರೆ ಮೆಟ್ಲು ಹತ್ತಲ್ಲ."

"ನೀವು ಸತ್ರೆ ಇವ್ನನ್ನ ಯಾರಮ್ಮ ನೋಡ್ಕೊಳ್ತಾರೆ?" ಅಂದೆ.

"ಅದಕ್ಕೇ ಬೇಗ ಮಾಡಿ ಅಂತಿರೋದು."

ಮಗಳು ಸುಕೃತಿ ಚಂದಾಪುರದಲ್ಲಿ ಹಸಿ ಬಾಣಂತಿ. "ಅವಳಿಗೆ ಯಾರಾದ್ರೂ ಹೇಳಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ," ಅಂದಳು. ನಾನು ಫೋನು ಹಿಡಿದೆ. ವೈಟ್‌ಫೀಲ್ಡ್ ಕಡೆಯ ಒಂದು ಆರೈಕೆ ಕೇಂದ್ರದ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, "ಮೊದ್ಲು ಅಸೆಸ್‌ಮೆಂಟ್ ಮಾಡ್ಬೇಕು ಸಾರ್, ಮುಂದಿನ ವಾರ ಸ್ಲಾಟ್ ಇದೆ," ಅಂದಳು. ಇನ್ನೊಂದು ಕಡೆ, ಕೈ ಮಾಡುವ ಪೇಶೆಂಟನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ಮನೆಗೇ ಆಳು ಕಳಿಸುವ ಏಜೆನ್ಸಿಯವರು ನಾಳೆ ನೋಡೋಣ ಅಂದರು. ಮಂತ್ರಿಗಳನ್ನು ಘೇರಾವ್ ಮಾಡಿದವನು ನಾನು. ಸ್ಲಾಟನ್ನು ಘೇರಾವ್ ಮಾಡುವುದು ಹೇಗೆ?

ಕೊನೆಗೆ ನಮಗೆ ಗೊತ್ತಿದ್ದ ಒಂದೇ ವಿದ್ಯೆಗೆ ಇಳಿದೆವು. ಧರಣಿಯ ಹಾಗೆ ಸರದಿ ಹಾಕಿದೆವು: ಹಗಲು ನಾನು, ರಾತ್ರಿ ಭರಮಪ್ಪ. ಭರಮಪ್ಪ ತಟ್ಟೆಯಲ್ಲಿ ಮೊಸರನ್ನ ಕಲಸಿಕೊಂಡು ದ್ವಾರಕಾನಾಥನ ಮುಂದೆ ಕೂತು, ಸಭೆಯಲ್ಲಿ ಕೂಗಿದ ಹಾಗೆ ಕೂಗಿದ: "ದ್ವಾರಕಾ! ಬಾಯಿ ತಗಿ! ಕಾಮ್ರೇಡ್, ಉಣ್ಣೋ!"

ಮೊಸರನ್ನ ಭರಮಪ್ಪನ ಮೀಸೆಯಲ್ಲಿತ್ತು. ತಟ್ಟೆ ಬಾಗಿಲಾಚೆ ಇತ್ತು.

ಅಂಥ ನೋವಿನಲ್ಲೂ ಪಂಕಜಮ್ಮ ನಕ್ಕಳು. "ನೀವು ಜನರನ್ನ ಉಪವಾಸ ಕೂರ್ಸೋದ್ರಲ್ಲಿ ಎಕ್ಸ್‌ಪರ್ಟುಗಳು ಕಣ್ರೀ. ಉಣ್ಸೋದು ನಿಮ್ ಕೈಲಾಗಲ್ಲ."

ದ್ವಾರಕಾನಾಥ ಬಾಗಿಲು ನೋಡತೊಡಗಿದ. "ಇರಣ್ಣ ಬಂದ್ನಾ?"

ಈ ಸಲ ಆಕೆ ಬಸ್ಸು ಲೇಟು ಅನ್ನಲಿಲ್ಲ. ಗಂಡನ ಮುಖ ನೋಡಿ, "ರಾಮಕ್ಕಾ, ನನ್ ಫೋನ್ ಕೊಡೇ," ಅಂದಳು.

ನನಗೆ ಅರ್ಥವಾಗಿ ಮೈ ಉರಿಯಿತು. "ಅಲ್ಲ ಪಂಕಜಮ್ಮ, ಅವ್ನನ್ನಾ? ನೀವೇ ಅಲ್ವಾ ಅವ್ನಿಗೆ ಬಳೆ ಕೊಟ್ಟಿದ್ದು?"

"ಹೌದು. ಅವತ್ತು ಕೊಟ್ಟಿದ್ದೂ ಸರಿ, ಇವತ್ತು ಕರೆಯೋದೂ ಸರಿ. ನಿಮ್ಮ ಮುಷ್ಕರ ನಿಮ್ ಹತ್ರ ಇಟ್ಕೊಳ್ಳಿ, ನನಗೆ ರಿಲೀವರ್ ಬೇಕು."

ಇರಣ್ಣನ ನಂಬರು ಆಕೆಯ ಬಳಿ ಇತ್ತು. ಅವನ ಹೆಂಡತಿಯೂ ಈಕೆಯೂ ಇಷ್ಟು ವರ್ಷ ಸಂತೆಯಲ್ಲಿ ಸೊಪ್ಪು ಆರಿಸುತ್ತ ಮಾತಾಡಿಕೊಂಡೇ ಬಂದಿದ್ದರಂತೆ. ಯೂನಿಯನ್ನಿಗೆ ಸುದ್ದಿಯೇ ಇಲ್ಲ!

"ಇರಣ್ಣ, ನಾನು ಪಂಕಜ. ಬಳೆ ಕೊಟ್ಟವಳು. ನಾನು ಆಪರೇಷನ್‌ಗೆ ಹೋಗ್ಬೇಕು. ಇವ್ರು ದಿನಾ ನಿನ್ನೇ ಕೇಳ್ತಾರೆ. ಸೆಕೆಂಡ್ ಶಿಫ್ಟಿಗೆ ಬಂದ್ಬಿಡು."

ಬಂದ. ಪೀಣ್ಯ ಮೊದಲನೇ ಹಂತದ ಯಾವುದೋ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತಿದ್ದವನು ಹಾಗೇ ಮೊಪೆಡ್ ಹತ್ತಿ ಬಂದಿದ್ದ. ಕೈಯಲ್ಲಿ ಗ್ರೀಸು, ತಲೆ ಪೂರಾ ಬೆಳ್ಳಗೆ. ನಮ್ಮಿಬ್ಬರನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಬಳೆ ಏನ್ ಮಾಡ್ದೆ?" ಅಂದಳು ಪಂಕಜಮ್ಮ, ನೆಲದಲ್ಲಿ ಕೂತಲ್ಲಿಂದಲೇ.

"ನನ್ನ ಹೇಣ್ತಿ ಹಾಕ್ಕೊಂಡ್ಳ್ರೀ ಅಕ್ಕಾ. ಅಳತಿ ಬರೋಬ್ಬರಿ ಇತ್ತು."

"ಒಳಗ್ ಬಾ."

ಅವನು ದ್ವಾರಕಾನಾಥನ ಎದುರಿಗೆ ಹೋಗಲಿಲ್ಲ. ಬಲಗಡೆ ಬಂದು, ಒಂದು ಮಾರು ದೂರದಲ್ಲಿ, ಮೆಷಿನ್ನಿನ ಪಕ್ಕ ನಿಲ್ಲುತ್ತಿದ್ದ ಹಾಗೆಯೇ ನಿಂತ. "ದ್ವಾರಕಾ, ಹೆಂಗೈತೋ ಮಷಿನ್?"

ದ್ವಾರಕಾನಾಥ ತಿರುಗಿ ನೋಡಲೂ ಇಲ್ಲ. "ಕೂಲೆಂಟ್ ಕಮ್ಮಿ ಇದೆ. ಬೆಲ್ಟ್ ಸದ್ದು ಮಾಡ್ತಿದೆ, ನೋಡ್ಕೋ," ಅಂದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಕೇಳಿ ಯಾವ ಕಾಲವಾಗಿತ್ತೋ. ಹೇಳಿ, ಹಿಡಿದಿದ್ದ ಸೆರಗು ಬಿಟ್ಟು, ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಾ ನೋಡ್ಕೋತೀನಿ. ಕ್ಯಾಂಟೀನ್‌ನಾಗ ಬಿಸಿ ಅನ್ನ ಐತಿ, ಉಂಡು ಹೋಗು," ಅಂದ ಇರಣ್ಣ. ಕೈ ತೊಳೆದು ಬಂದು ತಟ್ಟೆ ಹಿಡಿದ. ದ್ವಾರಕಾನಾಥ ಉಂಡ.

ಪಂಕಜಮ್ಮ ಗೋಡೆ ಹಿಡಿದು ಎದ್ದಳು. "ನಂದೂ ಕೇಳ್ಕೋ," ಅಂದಳು ಇರಣ್ಣನಿಗೆ. "ಅನ್ನ ಮೆತ್ತಗಿರ್ಬೇಕು. ಗಡ್ಡ ದಿನಾ ಹೆರೀಬೇಕು, ಗಡ್ಡ ಬಿಟ್ಕೊಂಡ್ ಕೆಲ್ಸಕ್ಕೆ ಹೋದೋರಲ್ಲ. ಎಡಗಡೆ ಮೊಣಕಾಲು ನೋವು, ಆ ಕಡೆಯಿಂದ ಎತ್ಬೇಡ." ಆಮೇಲೆ ಕೈ ಒರೆಸಿಕೊಂಡು ಆಟೋ ಹತ್ತಿದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ದೊಡ್ಡ ದೊಡ್ಡ ನಾಯಕರು ಜೈಲಿಗೆ ಹೋಗುವಾಗ ನೋಡಿದ್ದೇನೆ. ಅಷ್ಟು ನೆಟ್ಟಗೆ ಹೋದವರು ಕಡಿಮೆ.

ಸಂಜೆ ಆಪರೇಷನ್ ಆಯಿತು, ಆಕೆ ಉಳಿದಳು. ಇಲ್ಲಿ ಎರಡನೇ ಶಿಫ್ಟು ಇರಣ್ಣನದು, ರಾತ್ರಿ ಭರಮಪ್ಪನದು. ಮೊದಲನೆಯದು ನನ್ನದು, ಒಗೆಯುವ ಬಟ್ಟೆಯೂ ನನ್ನದೇ. ಇರಣ್ಣನ ಹಾಗೆ ಬಲಗಡೆ ನಿಂತು ಮೆಷಿನ್ ವಿಚಾರಿಸುವುದನ್ನು ಕಲಿತ ಮೇಲೆ ದ್ವಾರಕಾನಾಥ ನಮ್ಮ ಕೈಯಿಂದಲೂ ನಾಲ್ಕು ತುತ್ತು ತಿಂದ. ಆಪರೇಷನ್ನಿನ ಮರುದಿನ ಎರಡು ಗಂಟೆಗೆ ಇರಣ್ಣ ಬಂದು ನನ್ನ ಪಕ್ಕ ನಿಂತ. ನಾನು ಚಪ್ಪಲಿ ಕಡೆ ನಡೆದೆ. ಆದರೆ ಹೇಳದೆ ಬಿಟ್ಟು ಹೋಗುವ ಹಾಗಿಲ್ಲವಲ್ಲ.

"ಒಂದಕ್ಕೆ ಹೋಗಿದಾನೆ. ಎರಡಕ್ಕೆ ಇನ್ನೂ ಇಲ್ಲ," ಅಂದೆ.

"ಆತು," ಅಂದ.

ಮುಷ್ಕರದ ನಂತರ ನಮ್ಮಿಬ್ಬರ ನಡುವೆ ಆದ ಮೊದಲ ಮಾತುಕತೆ ಅದು.

ವಾರ ಕಳೆದು ಪಂಕಜಮ್ಮ ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ನಾನೇ ಕರೆದುಕೊಂಡು ಬಂದೆ. ಇರಣ್ಣ ದ್ವಾರಕಾನಾಥನ ಕೆನ್ನೆಗೆ ಸೋಪು ಹಚ್ಚಿ ಗಡ್ಡ ಹೆರೆಯುತ್ತಿದ್ದ. ಆಕೆಯನ್ನು ನೋಡಿ ಕೈ ಒರೆಸಿಕೊಂಡು ಏಳಲು ಹೋದ.

"ಕೂತ್ಕೊಳೋ. ನಿನ್ ಶಿಫ್ಟ್ ಮುಗಿಯೋಕೆ ಇನ್ನೂ ಟೈಮಿದೆ," ಅಂದು, ಟವೆಲ್ಲು ತೆಗೆದುಕೊಂಡು ಮುಖ ತೊಳೆಯಲು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಒಳಗೆ ನೀರು ಬೀಳುವ ಸದ್ದು ಮಾತ್ರ. ಹೀರೇಕಾಯಿ ಇಲ್ಲ, ಕಾರ್ಪೊರೇಟರ್ ಇಲ್ಲ. ನಾನು ದ್ವಾರಕಾನಾಥನನ್ನೇ ನೋಡುತ್ತಿದ್ದೆ. ಅವನು ಗದ್ದ ಮೇಲೆತ್ತಿ ಕಣ್ಣು ಮುಚ್ಚಿ ಕೂತಿದ್ದ. ನಲ್ಲಿ ನಿಂತಿತು. ಆಕೆ ಬರಲಿಲ್ಲ. ಬಹಳ ಹೊತ್ತಾಯಿತು, ಆದರೂ ಬರಲಿಲ್ಲ.

ಪಕ್ಕದ ಮನೆಯಿಂದ ರಾಮಕ್ಕ ಗಾಬರಿಯಲ್ಲಿ ಓಡಿ ಬಂದಳು. "ಪಂಕಜಕ್ಕ ಬಚ್ಚಲಲ್ಲವ್ರಾ? ದನಿನೇ ಇಲ್ವಲ್ರೀ! ಏನಾಯ್ತು?"

"ಏನೂ ಆಗಿಲ್ಲ ಬಿಡವಾ," ಅಂದ ಇರಣ್ಣ, ಕೆನ್ನೆಯಿಂದ ರೇಜರ್ ಎತ್ತದೆ. "ಈಗ ಆಕಿ ಶಿಫ್ಟ್ ಅಲ್ಲ."