ಹೊಸ್ತಿಲ ಮುಂದಿನ ಔಷಧಿ ನೀರು

ಇಲ್ಲಿಗೆ ಬಂದ ಮೊದಲ ದಿನವೇ ಚಪ್ಪಲಿ ಬಿಡಿಸಿ, ತಲೆಗೆ ನೀರು ಹಾಕಿಸಿ, ಇನ್ಯಾರದೋ ಅಳತೆಯ ನೀಲಿ ನಿಲುವಂಗಿ ತೊಡಿಸಿ ನನ್ನನ್ನು ಒಳಗೆ ಬಿಟ್ಟರು. ಆಸ್ಪತ್ರೆಯಲ್ಲ, ಲೋಕಾಪುರದ ಹತ್ತಿರದ ಮೊಟ್ಟೆಕೋಳಿ ಫಾರಂ. ನಾನು ಇಲ್ಲಿಗೆ ಮೇಲ್ವಿಚಾರಕಿಯಾಗಿ ಬಂದವಳು. ಕೊಳ್ಳೇಗಾಲದ ಕಡೆಯ ನಮ್ಮ ಮನೆಯಲ್ಲಿ ಕೋಳಿಗಳು ಯಾರನ್ನೂ ಕೇಳದೆ ಅಡುಗೆಮನೆಗೇ ನುಗ್ಗುತ್ತಿದ್ದವು. ಇಲ್ಲಿ ಅವುಗಳ ಹತ್ತಿರ ಹೋಗಲು ನಾನೇ ಮಡಿಯಾಗಬೇಕಿತ್ತು.

ಬಾಡಿಗೆ ಮನೆ ಹುಡುಕುವುದು ಇನ್ನೊಂದು ಪಾಡು. ಹಿತ್ತಲಲ್ಲಿ ಕೋಳಿ ಸಾಕಿದ ಕಡೆ ಫಾರಂನವರು ಇರುವಂತಿಲ್ಲ. ಊರ ಕೋಳಿಯ ರೋಗ ಬಟ್ಟೆಗೆ, ಕಾಲಿಗೆ ಅಂಟಿ ಶೆಡ್ಡಿಗೆ ಬಂದುಬಿಡುತ್ತದೆ. ಕೊನೆಗೆ ಕೋಳಿಯ ಸುಳಿವೇ ಇಲ್ಲದ ಓಣಿಯಲ್ಲಿ ಗೌರವ್ವನವರ ಮನೆ ಸಿಕ್ಕಿತು. ಲಿಂಗ ಕಟ್ಟಿಕೊಂಡವರು.

"ಮನಿ ಕೊಡ್ತೀನವಾ. ಆದ್ರ ಕೋಳಿ, ತತ್ತಿ ಏನೂ ಒಳಗ ಬರಬಾರದು. ದಿನಾ ಹಿತ್ತಲದಾಗ ಜಳಕಾ ಮಾಡೇ ಮನಿಯೊಳಗ ಬರಬೇಕು," ಅಂದರು. ತತ್ತಿ ಅಂದರೆ ಮೊಟ್ಟೆ, ಜಳಕ ಅಂದರೆ ಸ್ನಾನ. ಫಾರಂನವರ ಕರಾರೂ ಹೆಚ್ಚುಕಡಿಮೆ ಇದೇ ಎಂದಾಗ ಗೌರವ್ವ ನಕ್ಕುಬಿಟ್ಟರು. ಹೀಗೆ ಬೆಳಿಗ್ಗೆ ಊರಿನ ಕೊಳೆ ತೊಳೆದುಕೊಂಡು ಫಾರಂ ಒಳಗೆ, ಸಂಜೆ ಫಾರಂ ಕೊಳೆ ತೊಳೆದುಕೊಂಡು ಮನೆಯೊಳಗೆ. ಸೋಪಿನ ವಾಸನೆಗೇ ಸುಸ್ತಾಗುತ್ತಿತ್ತು.

ಮುದ್ದೆ ಬಿಟ್ಟು ಒಣಗಿಸಿದ ಜೋಳದ ಕಟಕ ರೊಟ್ಟಿಗೆ ಹಲ್ಲು ಒಗ್ಗಿತು. ಒಗ್ಗದೇ ಹೋದದ್ದು ಬೆಳಗು. ನಗಬೇಡಿ, ಸಾವಿರಾರು ಕೋಳಿಗಳ ನಡುವೆ ಇದ್ದೂ ನನಗೆ ಕೋಳಿ ಕೂಗು ಕೇಳುತ್ತಿರಲಿಲ್ಲ. ಮೊಟ್ಟೆ ಫಾರಂನಲ್ಲಿ ಹುಂಜ ಇಡುವುದಿಲ್ಲ, ನಮ್ಮ ಓಣಿಯಲ್ಲಂತೂ ಇರುವ ಮಾತೇ ಇಲ್ಲ. ಊರಲ್ಲೇ ಇರುವ ಅಕ್ಕನ ಮನೆಯ ಕೆಂಪು ಹುಂಜ ನೆನಪಾಗಿ ಎಷ್ಟೋ ಸಲ ಅಳು ಬಂದಿದೆ.

ಮೊದಲ ಬೇಸಿಗೆಯಲ್ಲೇ ರೋಗ ಬಂದು ಒಂದು ಶೆಡ್ ಅರ್ಧ ಖಾಲಿಯಾಯಿತು. ಸತ್ತ ಕೋಳಿಗಳನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿಸಿದೆವು. ಮಾಲೀಕರು ಸಿಟ್ಟಾಗಲಿಲ್ಲ. "ಇನ್ನೊಮ್ಮಿ ಹಿಂಗಾದ್ರ ಫಾರಂ ಮುಚ್ಚೂದ ನೋಡ್ರಿ. ನೀವೂ ನಿಮ್ಮೂರ ಹಾದಿ ಹಿಡೀಬೇಕಾಕ್ಕೈತಿ," ಅಂದರು ಅಷ್ಟೆ.

ಪ್ರತಿ ಶೆಡ್ಡಿನ ಬಾಗಿಲಲ್ಲಿ ಕಾಲು ಅದ್ದಲು ಔಷಧಿ ನೀರಿನ ತೊಟ್ಟಿ ಇತ್ತು. ದಿನಾ ನೀರು ಬದಲಿಸುತ್ತಿದ್ದೆವು. ಒಂದು ಬೆಳಿಗ್ಗೆ ಅದರ ಪಕ್ಕ ಸುಮ್ಮನೆ ನಿಂತು ನೋಡಿದೆ. ಮೇವು ಹಾಕುವ ರುಕ್ಮವ್ವ ಬುಟ್ಟಿ ಹೊತ್ತು ಬಂದಳು, ಬಲಗಾಲೆತ್ತಿ ತೊಟ್ಟಿಯನ್ನು ದಾಟಿ ಒಳಗೆ ಹೋದಳು. ಹಿಂದೆ ಬಂದವರೂ ಹಾಗೇ ದಾಟಿದರು. ಕೇಳಿದರೆ ರುಕ್ಮವ್ವನಿಗೇ ಆಶ್ಚರ್ಯ.

"ಹೊಸ್ತಿಲಾ ಯಾರರ ತುಳೀತಾರೇನ್ರೀ ಅಕ್ಕಾರ?"

ತೊಟ್ಟಿ ಕಟ್ಟಿಸಿದವರು ಅದನ್ನು ಸರಿಯಾಗಿ ಹೊಸ್ತಿಲಿನ ಜಾಗದಲ್ಲೇ ಕಟ್ಟಿಸಿದ್ದರು. ಹೊಸ್ತಿಲು ತುಳಿಯಬೇಡ ಎಂದು ಬೈಸಿಕೊಂಡೇ ಬೆಳೆದ ನನಗೆ ಬೈಯಲು ಬಾಯಿ ಬರಲಿಲ್ಲ. ರೋಗ ಆ ದಾರಿಯಲ್ಲೇ ಬಂತೋ ಏನೋ, ಹೇಳಲಾರೆ. ತೊಟ್ಟಿ ಒಡೆಸಿ, ಬಾಗಿಲಿನಿಂದ ಅಷ್ಟು ದೂರದಲ್ಲಿ, ದಾಟಲಾಗದಷ್ಟು ಉದ್ದಕ್ಕೆ ಕಟ್ಟಿಸಿದೆವು. ಜೊತೆಗೆ, ಕೆಲಸದವರು ಯಾರೂ ಮನೆಯಲ್ಲಿ ಕೋಳಿ ಸಾಕಬಾರದು ಎಂಬ, ಅದುವರೆಗೆ ಹೆಸರಿಗಷ್ಟೇ ಇದ್ದ ನಿಯಮವನ್ನು ಕಟ್ಟುನಿಟ್ಟು ಮಾಡಿದೆ. ರುಕ್ಮವ್ವ ತನ್ನ ಕೋಳಿಗಳನ್ನು ಬೀಳಗಿಯ ನಾದಿನಿಗೆ ಕೊಟ್ಟು ಬಂದಳು. ಕಣ್ಣು ಕೆಂಪಗಿದ್ದವು.

"ನಾ ಬಿಟ್ಟೀನ್ರೀ. ನೀವೂ ಊರಿಗೆ ಹೋದ್ರ ಅಕ್ಕನ ಮನಿ ಕೋಳಿ ಮುಟ್ಟಂಗಿಲ್ಲ ಮತ್ತ."

ಒಪ್ಪಿಕೊಂಡೆ. ಆದರೆ ಅಕ್ಕನ ಅಂಗಳದಲ್ಲಿ ಕೋಳಿ ತಾಗದೆ ಕಾಲಿಡುವುದು ಹೇಗೆ? ಹೋಗಿ ಬಂದರೆ ವಾರಗಟ್ಟಲೆ ಶೆಡ್ಡಿನ ಹೊರಗಿರಬೇಕು. ಒಳಗೆ ಹೊಸ ಮರಿಗಳು. ಗೌರಿ ಹಬ್ಬ ಹೋಯಿತು, ಮುಂದಿನ ಹಬ್ಬಗಳೂ ಹೋದವು. ಫೋನಿನಲ್ಲಿ ಕಾರಣ ಹೇಳಿದಾಗ, "ನಮ್ ಕೋಳಿಗೇನ್ ಬಂದದೆ ರೋಗ?" ಎಂದು ಅಕ್ಕ ಮಾತು ಬಿಟ್ಟಳು.

ಮುಂದಿನ ವರ್ಷ ಅವಳೇ ಫೋನು ಮಾಡಿದಳು. "ಬಾರಮ್ಮಿ, ಏನೂ ತೊಂದ್ರೆ ಇಲ್ಲ." ಮರಿಗಳು ಬೆಳೆದು ಮೊಟ್ಟೆಗೆ ಬಂದಿದ್ದವು, ರೋಗದ ಸುದ್ದಿ ಇರಲಿಲ್ಲ, ಬಂದ ಮೇಲೆ ಕೆಲವು ವಾರ ನಾನು ಶೆಡ್ಡಿನ ಹೊರಗಿದ್ದರೂ ನಡೆಯುತ್ತಿತ್ತು. ದೂರದಿಂದಲಾದರೂ ಆ ಹುಂಜದ ಕೂಗು ಕೇಳಿ ಬರೋಣ ಎಂದು ಹೊರಟೆ.

ಊರು ಮುಟ್ಟುವಾಗ ಕತ್ತಲಾಗಿತ್ತು. ಅಕ್ಕನ ಬಾಗಿಲ ಮುಂದೆ ಬೋಗುಣಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. "ಕಾಲು ಅದ್ದಿ ಬಾ," ಅಂದಳು. ಹುಟ್ಟಿದ ಊರಿನಲ್ಲಿ, ಫಾರಂ ನೋಡಲು ಬಂದವರ ಹಾಗೆ ಅದ್ದಿ ಒಳಗೆ ಹೋದೆ. ಮುದ್ದೆ ಉಂಡು ಮಲಗಿದೆ.

ಎಚ್ಚರವಾದಾಗ ಬಿಸಿಲು ಬಂದಿತ್ತು. ಯಾವ ಕೂಗೂ ಎಬ್ಬಿಸಿರಲಿಲ್ಲ. ಅಂಗಳದಲ್ಲಿ ಕೋಳಿ ಮುಚ್ಚುವ ಬುಟ್ಟಿ ಗೋಡೆಗೊರಗಿತ್ತು, ನೆಲ ಸಾರಿಸಿತ್ತು.

"ಕೋಳಿ ಎಲ್ಲಕ್ಕಾ?"

"ಮಾರ್ಬುಟ್ಟೆ. ಅವು ಇದ್ರೆ ನೀನ್ ಬರಾಕಿಲ್ಲ ಅಂದ್ಯಲ್ಲ."

ಯಾಕೆ ಮಾರಿದೆ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಅವಳು ಕೊಟ್ಟ ಕಾಫಿ ಕುಡಿದೆ.

ಮರಳಿ ಬಂದಾಗ ಗೌರವ್ವ ಕಟ್ಟೆಯ ಮೇಲಿದ್ದರು. "ಊರಾಗ ಎಲ್ಲಾ ಆರಾಮ ಏನವಾ?"

"ಆರಾಮ್ರಿ," ಎಂದು ರೂಢಿಯಂತೆ ಹಿತ್ತಲಿಗೆ ಜಳಕಕ್ಕೆ ಹೋದೆ. ತೊಳೆದುಕೊಳ್ಳಲು ಈ ಸಲ ಊರಿನದೇನೂ ಮೈಮೇಲೆ ಇರಲಿಲ್ಲ.