ಎಮ್ಮೆ ಹಾಲಿಳಿಸಿದ ಒನ್‌ಡೇ

“ಒಂದ ಫೋರ್ ಹೊಡ್ಯಾಕ ಏನ್ ಧಾಡಿ ಬಂದೈತೋ ನಿಂಗ!” ಎಂದು ನಾನು ಮೊಬೈಲಿಗೆ ಬೈದ ಕೂಡಲೇ ಎಮ್ಮೆ ಬೆದರಿ ಹಾಲು ಕೊಡುವುದನ್ನೇ ನಿಲ್ಲಿಸಿತು. ಅದು ಚಿಂಚಲಿಯ ನಮ್ಮ ಸೋದರತ್ತೆಯ ಕೊಟ್ಟಿಗೆ. ಅತ್ತೆ ಹಾಲು ಕರೆಯುತ್ತಿದ್ದಳು, ನನ್ನ ಮೊಬೈಲಿನಲ್ಲಿ ಭಾರತದ ಒನ್‌ಡೇ ನಡೆದಿತ್ತು. ಕೈಯಲ್ಲಿ ಬೇಕಾದಷ್ಟು ವಿಕೆಟ್ ಇಟ್ಟುಕೊಂಡೂ ನಮ್ಮವರು ಒಂದೊಂದೇ ರನ್ ಓಡುತ್ತಿದ್ದರು. ಇತ್ತ ಡೈರಿಗೆ ಹಾಲು ಹಾಕುವ ಹೊತ್ತು ಮೀರುತ್ತಿತ್ತು.

ಅತ್ತೆ ಕರುವನ್ನು ಮತ್ತೆ ಕೆಚ್ಚಲಿಗೆ ಬಿಟ್ಟು ನನ್ನತ್ತ ತಿರುಗಿದಳು. “ಬಾಯಿ ಮುಚ್ಚಲೇ! ಮೊದಲ ಕರಾ ಚೀಪಬೇಕು, ಆಮ್ಯಾಲ ಹಾಲು ಇಳೀತೈತಿ. ಕುಂತ ಕೂಡ್ಲೇ ಜಗ್ಗಿದ್ರ ಒದೀತೈತಿ. ಆ ಹುಡುಗೂರೂ ಅದನ್ನ ಮಾಡಾಕತ್ತಾರ, ತಡಿ.”

ನಾನು ದಂಗಾಗಿ, ಮೊಬೈಲನ್ನು ಅವಳಿಗೂ ಕಾಣುವಂತೆ ಗೋದಲಿಯ ಕಟ್ಟೆಯ ಮೇಲಿಟ್ಟೆ. ಎಮ್ಮೆ ಹಾಲಿಳಿಸಿತು. ಪಾತ್ರೆಯಲ್ಲಿ ನೊರೆ ಏರುವ ಹೊತ್ತಿಗೆ ಕೊನೆಯ ಓವರುಗಳೂ ಬಂದವು. ಫೋರ್ ಮೇಲೆ ಫೋರ್! ಕೂಗುವಂತಿಲ್ಲವಲ್ಲ, ಟವೆಲನ್ನು ಬಾಯಿಗೆ ತುರುಕಿಕೊಂಡು ಸಗಣಿಯಲ್ಲೇ ಕುಣಿದೆ. ಅಷ್ಟರಲ್ಲಿ ಒಂದು ಚೆಂಡು ಸ್ಟೇಡಿಯಮ್ಮಿನ ಛಾವಣಿಗೇ ಹೋಗಿ ಬಡಿಯಿತು.

“ಹೊಡದಾ ನೋಡಲೇ ಸಿಕ್ಸರ್!”

ಓಣಿಗೆಲ್ಲ ಕೇಳುವಂತೆ ಕಿರುಚಿದವಳು ಅತ್ತೆ! ಎಮ್ಮೆ ಒದ್ದ ಏಟಿಗೆ ಪಾತ್ರೆ ಬೋರಲಾಯಿತು.

ಆ ಸಂಜೆ ಇಬ್ಬರೂ ಹಾಲಿಲ್ಲದ ಚಹಾ ಕುಡಿಯುತ್ತ ಬಿದ್ದು ಬಿದ್ದು ನಕ್ಕೆವು. ಈಗ ನಮ್ಮ ತಂಡ ಎಷ್ಟು ನಿಧಾನವಾಗಿ ಆಡಿದರೂ ನಾನು ಬೈಯುವುದಿಲ್ಲ, ಕರು ಇನ್ನೂ ಚೀಪುತ್ತಿದೆ ಎಂದುಕೊಳ್ಳುತ್ತೇನೆ. ಕೊನೆಯ ಓವರುಗಳು ಶುರುವಾದರೆ ಮಾತ್ರ ಮೊದಲು ಅತ್ತೆಯ ಕೈಯಿಂದ ಹಾಲಿನ ಪಾತ್ರೆ ಕಸಿದುಕೊಳ್ಳುತ್ತೇನೆ.