ಸಮುದ್ರ ನೋಡಿ ಬಂದ ಕಾಕಾ

ಮುಂದಿನ ಎರಡು ಹಲ್ಲುಗಳನ್ನು ಎತ್ತೊಂದು ಒದ್ದು ಉದುರಿಸಿದ್ದರಿಂದ ನಮ್ಮ ಪಕ್ಕದ ಮನೆಯ ಕಾಕಾ ನಗುವಾಗ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಆ ಟವೆಲ್ಲಿಗೆ ವರ್ಷವಿಡೀ ಒಣಮೆಣಸಿನಕಾಯಿಯ ಘಾಟು. ಹಾಗಾಗಿ ನಗು ಮುಗಿಯುವಷ್ಟರಲ್ಲಿ ಒಂದು ಸೀನು ಬಂದೇ ಬರುತ್ತಿತ್ತು. ಓಣಿಯ ಮಕ್ಕಳು ಹಂಚು ಒಡೆದು ಸಿಕ್ಕಿಬಿದ್ದರೆ ಅವರು ಹೊಡೆಯುತ್ತಿರಲಿಲ್ಲ. “ಖರೆ ಹೇಳು, ಜಲ್ದಿ ಹೇಳು, ಹೋಗಿ ಆಡು,” ಅನ್ನುತ್ತಿದ್ದರು. ನಾನು ಅವರ ಮನೆಯ ಕಟ್ಟೆಯ ಮೇಲೆ ಬೆಳೆದವಳು.

ಕಾಕಾ ಮತ್ತು ನನ್ನ ಅಪ್ಪ ಇಬ್ಬರೂ ಒಂದೇ ಅವಧಿಗೆ ನಮ್ಮೂರ ಪಂಚಾಯಿತಿಯ ಸದಸ್ಯರಾಗಿದ್ದರು. ಕೆಳಗಿನ ಓಣಿಯ ಹೆಣ್ಣುಮಗಳೊಬ್ಬಳು ಅಧ್ಯಕ್ಷೆ. ಕಾಕಾನೇ ಮುಂದೆ ನಿಂತು ಅವಳ ಹೆಸರು ಸೂಚಿಸಿದ್ದರು. “ನಾ ಅದೀನಿ, ಅಂಜಬ್ಯಾಡ ತಂಗಿ,” ಎಂದಿದ್ದರು. ಕೆರೆಯ ಮಣ್ಣು ಮಾರಲು ಬಿಡುವುದಿಲ್ಲವೆಂದು ಅವಳು ಹಟ ಹಿಡಿದದ್ದೇ ತಡ, ಅವಿಶ್ವಾಸ ಗೊತ್ತುವಳಿ ಬಂತು. ‘ದೇವರಿಗೆ ಹೋಗಿ ಬರ್ತೀವಿ’ ಎಂದು ಮನೆಯಲ್ಲಿ ಹೇಳಿ ಏಳು ಮಂದಿ ಸದಸ್ಯರು ಮಣ್ಣಿನ ವ್ಯಾಪಾರದವರು ಕಳಿಸಿದ ಗಾಡಿ ಹತ್ತಿದರು. ತಿರುಗಿ ಬಂದವರು ನೇರ ಸಭೆಗೇ ಬಂದರು. ಏಳೂ ಕೈಗಳು ಅವಳ ವಿರುದ್ಧ ಎದ್ದವು. ಅವುಗಳಲ್ಲಿ ಕಾಕಾನದೂ ಇತ್ತು, ಅಪ್ಪನದೂ ಇತ್ತು. ಅಂದಿನಿಂದ ಅವಳು ಕಾಕಾನ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡತೊಡಗಿದಳು.

ವರ್ಷಗಳು ಕಳೆದ ಮೇಲೆ ಸಿನೆಮಾದವರು ಬಂದರು. ರಾಜಕೀಯದ ಕತೆ, ಕೊಲೆ, ಮಂತ್ರಿ, ಬೆನ್ನಟ್ಟುವ ಜೀಪುಗಳು. ಶಿರಹಟ್ಟಿ, ಲಕ್ಷ್ಮೇಶ್ವರದ ಸುತ್ತ ಚಿತ್ರೀಕರಣ ನಡೆಯಿತು. ಮೆಣಸಿನಕಾಯಿ ಒಣಹಾಕಿದ್ದ ತಮ್ಮ ಕಣವನ್ನು ಕಾಕಾ ಒಂದು ದೃಶ್ಯಕ್ಕೆ ಬಿಟ್ಟುಕೊಟ್ಟಿದ್ದರು. ಹಾಗಾಗಿ ಚಿತ್ರ ಬಿಡುಗಡೆಗೆ ಮೊದಲು ಗದಗಿನ ಟಾಕೀಸಿನಲ್ಲಿ ನಮ್ಮ ಕಡೆಯ ಜನರಿಗೆ ತೋರಿಸಿ ಅಭಿಪ್ರಾಯ ಕೇಳುವಾಗ ನಮಗೂ ಕರೆ ಬಂತು. ಕಾಕಾ, ಅಪ್ಪ, ನಾನು ಮೂವರೂ ಹೋದೆವು.

ಸಂಗೀತ ಇನ್ನೂ ಪೂರ್ತಿ ಸೇರಿರಲಿಲ್ಲ. ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತಿದ್ದವು. ನಡುವೆ ಒಂದು ದೃಶ್ಯ ಬಂತು: ಮತ ಮಾರಿಕೊಂಡ ಸದಸ್ಯರು ಬಸ್ಸಿನಲ್ಲಿ ಕುಡಿದು, ಕುಣಿದು, ಸಮುದ್ರದ ದಂಡೆಗೆ ಹೋಗುತ್ತಾರೆ. ಟಾಕೀಸು ನಗೆಯಲ್ಲಿ ಮುಳುಗಿತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಕಾಕಾ ಟವೆಲ್ಲನ್ನು ಬಾಯಿಗೆ ಹಿಡಿದಿದ್ದರು. ಅವರೂ ನಗುತ್ತಿದ್ದಾರೆಂದುಕೊಂಡೆ. ಆದರೆ ಅವರು ಸೀನಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿದವು. ತಂಡದ ಹುಡುಗಿಯೊಬ್ಬಳು ಮೈಕು ಹಿಡಿದು, “ಯಾವುದು ಸುಳ್ಳು ಅನ್ನಿಸ್ತು, ಧೈರ್ಯವಾಗಿ ಹೇಳಿ,” ಎಂದಳು. ಯಾರೋ ಇನ್ನೊಂದು ಫೈಟು ಬೇಕೆಂದರು. ಕಾಕಾ ಎದ್ದು ನಿಂತರು. ಅಪ್ಪ ಅವರ ಅಂಗಿಯ ಚುಂಗು ಹಿಡಿದು ಎಳೆದ.

“ಸುಮ್ನ ಕುಂಡ್ರೋ. ಮಂದಿ ನೋಡಾಕತ್ಯಾರ.”

ಕಾಕಾ ಕೂರಲಿಲ್ಲ. “ಆ ಗಾಡ್ಯಾಗ ಯಾರೂ ನಗೂದಿಲ್ರಿ,” ಅಂದರು. “ನಾ ಕುಂತು ಬಂದೀನಿ. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ, ಕಿಟಕ್ಯಾಗ ನೋಡಕೋತ ಹೋದ್ವಿ. ಸಮುದ್ರ ತೋರಿಸಿದ್ರು. ಜೀವನದಾಗ ಮೊದಲನೇ ಸಲ ನೋಡಿದ್ದೆ. ಮನಿಗೆ ಬಂದು ಹೆಂಡ್ತಿಗೆ ಹೇಳಾಕ ಆಗಲಿಲ್ರಿ. ಇವತ್ತಿಗೂ ಹೇಳಿಲ್ಲ. ಅದನ್ನ ಹಾಕ್ರಿ.”

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಳ್ಳೆಯ ಡೈಲಾಗು ಕೇಳಿದಂತೆ ಎಲ್ಲರೂ ತಟ್ಟಿದರು. ಕಾಕಾ ಬೇಡ ಬೇಡವೆಂದು ಕೈ ಆಡಿಸುತ್ತ ಕುಸಿದು ಕೂತರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿದ್ದವು. ಮೊದಲು ಅದು ಕಾಕಾನ ಸಲುವಾಗಿ ಎಂದುಕೊಂಡೆ. ಅಪ್ಪನ ಬೆರಳುಗಳು ಇನ್ನೂ ಆ ಅಂಗಿಯ ಚುಂಗಿನ ಮೇಲೇ ಇದ್ದವು. ಅವನ್ನು ನೋಡಿದಾಗ ಯಾರ ಸಲುವಾಗಿ ಎಂದು ತಿಳಿಯಿತು.

ಊರಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಅಪ್ಪ ಮನೆಗೆ ಹೋದ. ಕಾಕಾ ಕೆಳಗಿನ ಓಣಿಗೆ ತಿರುಗಿದರು, ನಾನು ಹಿಂದೆ ಹೋದೆ. ಅಂದಿನ ಆ ಅಧ್ಯಕ್ಷೆ ಬಾಗಿಲಲ್ಲಿ ಕೂತು ಜೋಳ ಕೇರುತ್ತಿದ್ದಳು. ಕಾಕಾ ನಿಂತುಕೊಂಡೇ ಎಲ್ಲ ಹೇಳಿದರು. ಗದಗಿನಲ್ಲಿ ಆಡಿದ ಮಾತನ್ನೂ ಹೇಳಿದರು. ಅವಳು ಮೊರ ಕೆಳಗಿಟ್ಟಳು.

“ಗದಗಿನ್ಯಾಗ ಹೇಳಿದ್ರ ನನಗೇನು ಬಂತ್ರಿ? ಕೈ ಎತ್ತಿದ್ದು ಈ ಊರಾಗ. ಇಲ್ಲೇ ಹೇಳ್ರಿ.”

ಮುಂದಿನ ಗ್ರಾಮಸಭೆಯಲ್ಲಿ, ಊರೆಲ್ಲ ಕೂಡಿದಾಗ, ಕಾಕಾ ಹೇಳಿದರು. ತಪ್ಪು ಮಾಡಿದೆ, ಮಾತು ಕೊಟ್ಟು ಮುರಿದೆ, ಅಂದರು. ಒಬ್ಬ ಸಿಳ್ಳೆ ಹಾಕಿದ. “ಉಳಿದವರ ಹೆಸರೂ ಹೇಳಲೇ ಮುದುಕಾ,” ಎಂದು ಇನ್ನೊಬ್ಬ ಕೂಗಿದ. “ನಂದಷ್ಟ ಹೇಳಾಕ ಬಂದೀನಿ,” ಅಂದರು ಕಾಕಾ. ಅಪ್ಪ ಮೊಬೈಲು ನೋಡುತ್ತ ಕೂತಿದ್ದ. ಮರುದಿನ ಅವಳು ಕೊಡ ಹೊತ್ತು ಕಾಕಾನ ಮನೆಯ ಮುಂದಿನ ದಾರಿಯಲ್ಲೇ ಬಂದಳು. ಕಾಕಾ ಕಟ್ಟೆಯಿಂದ ಎದ್ದು, ಅವಳು ದಾಟಿ ಹೋಗುವ ತನಕ ನಿಂತೇ ಇದ್ದರು.

ಸಿನೆಮಾ ಬಿಡುಗಡೆಯಾಯಿತು, ಬಸ್ಸಿನ ಕುಣಿತ ಹಾಗೆಯೇ ಉಳಿದಿತ್ತು. ಕಾಕಾ ನೋಡಲು ಹೋಗಲಿಲ್ಲ. ಈ ಸಲದ ಮೆಣಸಿನಕಾಯಿ ಕಣಕ್ಕೆ ಬರುವ ಮೊದಲೇ ಅವರು ತೀರಿಕೊಂಡರು.

ಅವಳು ಬಂದಳು. ಕಾಕಿಯ ಪಕ್ಕ ಕೂತು ಅತ್ತಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಆ ಗಾಡ್ಯಾಗ ಹೋದವರು ಇನ್ನೂ ಆರು ಮಂದಿ ಅದಾರ, ವೈನಿ. ನನ್ನ ಬಾಗಲಿಗೆ ಬಂದವರು ಇವರೊಬ್ಬರ,” ಎಂದಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿಸಿಕೊಂಡ. ಹೆಣ ಎತ್ತುವಾಗ ಎಲ್ಲರಿಗಿಂತ ಮೊದಲು ಹೋಗಿ ಹೆಗಲು ಕೊಟ್ಟ. “ಗೆಳೆತನ ಅಂದ್ರ ಇದು,” ಎಂದು ಮಂದಿ ಮಾತಾಡಿಕೊಂಡರು. ನಾನು ಕಾಕಿಯ ಕೈ ಹಿಡಿದು, ನೆಲ ನೋಡುತ್ತ ನಿಂತಿದ್ದೆ.